ಬಾಗಿಲು ಹಾಕುವುದು ಕೊನೆಯ ಪಾಠ: ನಾಯಿಗೆ ಕ್ರೇಟ್ ಇಷ್ಟವಾಗುವಂತೆ ಮಾಡುವುದು ಹೇಗೆ

ಕ್ರೇಟ್ ಅಂದರೆ ನಾಯಿ ಮಲಗಲೆಂದು ಮಾಡಿದ, ಬಾಗಿಲಿರುವ ಪಂಜರದಂಥ ಗೂಡು. ಅದನ್ನು ತಂದ ದಿನವೇ ಮರಿಯನ್ನು ಎತ್ತಿ ಒಳಗಿಟ್ಟು, ಚಿಲಕ ಹಾಕಿ, ದೀಪ ಆರಿಸಿ ಮಲಗುವವರು ಬಹಳ ಜನ. ನನ್ನ ಮೊದಲ ನಾಯಿಗೆ ನಾನೂ ಹಾಗೇ ಮಾಡಿದ್ದೆ. ಅದು ರಾತ್ರಿಯಿಡೀ ಅತ್ತಿತು. "ಎರಡು ದಿನ ಅಳಲಿ ಬಿಡಿ, ಮೂರನೇ ದಿನ ತಾನೇ ಸುಮ್ಮನಾಗುತ್ತೆ" ಎಂದು ತಿಳಿದವರೊಬ್ಬರು ಹೇಳಿದ್ದರು. ಸುಮ್ಮನಾಯಿತು, ನಿಜ. ಆದರೆ ಆಮೇಲೆ ನಾನು ಕ್ರೇಟ್ ಕಡೆ ನಡೆದರೆ ಸಾಕು, ಮಂಚದ ಕೆಳಗೆ ಓಡಿಹೋಗುತ್ತಿತ್ತು. ಕೂಗಿದರೂ ಯಾರೂ ಬರುವುದಿಲ್ಲ ಅನ್ನುವುದನ್ನು ಅದು ಚೆನ್ನಾಗಿ ಕಲಿತಿತ್ತು, ಅಷ್ಟೇ. ಆ ಹೆದರಿಕೆ ಬಿಡಿಸಲು ನನಗೆ ತಿಂಗಳುಗಳೇ ಹಿಡಿದವು.

ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೇ ಅಂತ ಗಾದೆ ಇದೆಯಲ್ಲ, ಕ್ರೇಟ್ ವಿಷಯದಲ್ಲಿ ಅದು ಅಕ್ಷರಶಃ ನಿಜ. ನೀವು ಹೊತ್ತು ಒಳಗಿಟ್ಟ ನಾಯಿ ಕ್ರೇಟನ್ನು ಒಪ್ಪಿಕೊಳ್ಳುವುದಿಲ್ಲ. ತಾನಾಗಿ ನಡೆದು ಒಳಗೆ ಹೋದ ನಾಯಿ ಒಪ್ಪಿಕೊಳ್ಳುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತವೇ ಇವೆ.

ಮೊದಲೇ ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. "ನಾಯಿ ಗುಹೆಯಲ್ಲಿ ಬದುಕುವ ಪ್ರಾಣಿ, ಹಾಗಾಗಿ ಕ್ರೇಟ್ ಅದಕ್ಕೆ ಹುಟ್ಟಿನಿಂದಲೇ ಇಷ್ಟ" ಅಂತ ಹೇಳುವುದನ್ನು ಕೇಳಿರುತ್ತೀರಿ. ನಾಯಿಯ ಹತ್ತಿರದ ನೆಂಟರಾದ ತೋಳಗಳು ಬಿಲ ಅಥವಾ ಗುಹೆ ಬಳಸುವುದು ಮುಖ್ಯವಾಗಿ ಮರಿ ಹಾಕಿ ಸಾಕುವ ಕಾಲದಲ್ಲಿ. ಆ ಬಿಲಕ್ಕೆ ಬಾಗಿಲೂ ಇರುವುದಿಲ್ಲ, ಚಿಲಕವೂ ಇರುವುದಿಲ್ಲ. ಮೂಲೆಯಲ್ಲಿ, ಮೇಜಿನ ಕೆಳಗೆ ಮುದುರಿಕೊಂಡು ಮಲಗಲು ಅನೇಕ ನಾಯಿಗಳಿಗೆ ಇಷ್ಟ, ಸರಿ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ನೆಮ್ಮದಿಯಾಗಿರುವುದು ಹುಟ್ಟುಗುಣವಲ್ಲ. ಅದನ್ನು ಕಲಿಸಬೇಕು.

ಹಾಗಾದರೆ ಕಲಿಸುವುದೇ ಯಾಕೆ? ಪಶುವೈದ್ಯರಲ್ಲಿ ಒಂದು ದಿನ ಇರಬೇಕಾಗಿ ಬಂದಾಗ, ಆಪರೇಷನ್ ಆದ ಮೇಲೆ ಓಡಾಡದೆ ಇರಬೇಕಾದಾಗ, ಪ್ರಯಾಣದಲ್ಲಿ, ಮನೆಯಲ್ಲಿ ರಿಪೇರಿ ಕೆಲಸ ನಡೆಯುವಾಗ ಕ್ರೇಟ್ ಬೇಕಾಗುತ್ತದೆ. ಮೈ ನೋಯುತ್ತಿರುವ ನಾಯಿಗೆ ಅದೇ ದಿನ ಕ್ರೇಟಿನ ಪರಿಚಯವೂ ಆಗುವುದು ಬೇಡ. ಮರಿಗಳಿಗಂತೂ ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುವ ಅಭ್ಯಾಸ ಬಿಡಿಸಲು, ವಿದ್ಯುತ್ ವೈರ್ ಕಚ್ಚದಂತೆ ಕಾಯಲು ಇದು ನೆರವಾಗುತ್ತದೆ.

ಯಾವ ಕ್ರೇಟ್, ಎಷ್ಟು ದೊಡ್ಡದು

ನಾಯಿ ತಲೆ ಬಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಪಕ್ಕಕ್ಕೆ ಮಲಗಬೇಕು. ಇಷ್ಟು ಜಾಗ ಸಾಕು. ಅಳತೆ ಬೇಕಿದ್ದರೆ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು 10 ಸೆಂಟಿಮೀಟರ್ ಸೇರಿಸಿ. ಎತ್ತರಕ್ಕೆ, ನಾಯಿ ನಿಂತಾಗ ಅಥವಾ ಕೂತಾಗ ತಲೆ ಎಲ್ಲಿಗೆ ಬರುತ್ತದೋ ನೋಡಿ, ಯಾವುದು ಜಾಸ್ತಿಯೋ ಅದಕ್ಕಿಂತ ಸ್ವಲ್ಪ ಮೇಲೆ.

ಮರಿಗೆ ತುಂಬಾ ದೊಡ್ಡದು ಕೊಟ್ಟರೆ ಒಂದು ಮೂಲೆಯಲ್ಲಿ ಹೊಲಸು ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ಬೆಳೆದ ಮೇಲೂ ಬರುವಂತಹ ಕ್ರೇಟ್ ತೆಗೆದುಕೊಂಡರೆ, ಮಧ್ಯೆ ಅಡ್ಡಗೋಡೆ ಇಡಬಹುದಾದದ್ದನ್ನು ಆರಿಸಿ. ಮರಿ ಬೆಳೆದಂತೆ ಅದನ್ನು ಹಿಂದಕ್ಕೆ ಸರಿಸುತ್ತಾ ಹೋಗಬಹುದು.

ತಂತಿಯ ಕ್ರೇಟಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಸೆಕೆಗೆ ಅದೇ ಒಳ್ಳೆಯದು. ಪ್ಲಾಸ್ಟಿಕ್ ಕ್ರೇಟಿನಲ್ಲಿ ಮರೆ ಜಾಸ್ತಿ, ಸ್ವಲ್ಪ ಅಂಜುವ ನಾಯಿಗಳಿಗೆ ಹಿಡಿಸುತ್ತದೆ. ಬಟ್ಟೆಯದು ಪೂರ್ತಿ ಕಲಿತ ನಾಯಿಗೆ ಮಾತ್ರ. ಕಲಿಯುತ್ತಿರುವ ನಾಯಿ ಅದನ್ನು ಐದು ನಿಮಿಷದಲ್ಲಿ ಹರಿದು ಹೊರಗೆ ಬರುತ್ತದೆ.

ಮನೆಯ ಜನ ಕೂರುವ, ಓಡಾಡುವ ಕೋಣೆಯ ಒಂದು ಬದಿಯಲ್ಲಿ ಇಡಿ. ಬಿಸಿಲು ನೇರವಾಗಿ ಬೀಳಬಾರದು. ಯಾರೂ ಹೋಗದ ಕೋಣೆಯಲ್ಲಿಟ್ಟರೆ ಕ್ರೇಟ್ ಅಂದರೆ ಒಂಟಿತನ ಅಂತ ನಾಯಿಗೆ ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ಒಳಗೆ ಮೆತ್ತನೆ ಹಾಸು, ಜೊತೆಗೆ ನೀವು ಉಟ್ಟು ಬಿಟ್ಟ ಹಳೆಯ ಬಟ್ಟೆಯೊಂದು ಇರಲಿ. ಬಟ್ಟೆ ಹರಿದು ನುಂಗುವ ನಾಯಿಯಾದರೆ ಎರಡೂ ಬೇಡ. ನುಂಗಿದ ಬಟ್ಟೆ ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ ಆಗಬೇಕಾಗುತ್ತದೆ. ಕ್ರೇಟ್ ಮೇಲೆ ಹೊದಿಕೆ ಹಾಕುವುದಾದರೆ ಕನಿಷ್ಠ ಒಂದು ಬದಿ ತೆರೆದಿರಲಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಒಳಗೆ ಬಿಡುವ ಮುನ್ನ ಕತ್ತಿನ ಬೆಲ್ಟ್ ಮತ್ತು ಬಿಲ್ಲೆ ತೆಗೆಯಿರಿ. ಬಿಲ್ಲೆ ತಂತಿಗೆ ಸಿಕ್ಕಿಕೊಂಡರೆ ನಾಯಿ ಎಳೆದಾಡಿ ಕತ್ತು ಬಿಗಿದು ಸಾಯಬಹುದು.

ಮೊದಲ ಕೆಲವು ದಿನ: ಬಾಗಿಲು ಇದೆ ಅನ್ನುವುದನ್ನೇ ಮರೆತುಬಿಡಿ

ಬಾಗಿಲನ್ನು ಪೂರ್ತಿ ತೆರೆದು ಹಗ್ಗದಿಂದ ಹಿಂದಕ್ಕೆ ಕಟ್ಟಿ. ಮೈಗೆ ತಾಗಿ ಅದು ಒಮ್ಮೆ ಧಡ್ ಅಂದರೆ ಒಂದು ವಾರದ ಕೆಲಸ ನೀರುಪಾಲು. ಬಾಗಿಲು ಕಳಚಿಡಲು ಆಗುವಂತಿದ್ದರೆ ಇನ್ನೂ ಒಳ್ಳೆಯದು.

ನಾಯಿ ನೋಡದೆ ಇರುವಾಗ ಒಳಗೊಂದು ಟ್ರೀಟ್ ಇಟ್ಟು ನಿಮ್ಮ ಕೆಲಸಕ್ಕೆ ಹೋಗಿ. ಕರೆಯಬೇಡಿ, ತೋರಿಸಬೇಡಿ. ಅದು ತಾನಾಗಿ ಮೂಸಿ ಕಂಡುಹಿಡಿಯಲಿ. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ. ಒಳಗೆ ಆಗಾಗ ತಿನ್ನುವುದು ಸಿಗುತ್ತದೆ ಅಂತ ಗೊತ್ತಾದ ನಾಯಿ ದಾರಿಯಲ್ಲಿ ಹೋಗುವಾಗ ತಲೆ ಹಾಕಿ ನೋಡಿಕೊಂಡು ಹೋಗಲು ಶುರುಮಾಡುತ್ತದೆ. ಆ ಇಣುಕುನೋಟಕ್ಕಾಗಿಯೇ ನಾವು ಕಾಯುತ್ತಿರುವುದು.

ಕೆಲವು ನಾಯಿ ಹತ್ತಿರವೂ ಬರುವುದಿಲ್ಲ. ಅವಕ್ಕೆ ಟ್ರೀಟನ್ನು ಕ್ರೇಟಿನಿಂದ ಎರಡು ಮೀಟರ್ ದೂರದಲ್ಲಿ ಹಾಕಿ. ನಾಳೆ ಒಂದೂವರೆ ಮೀಟರ್. ಆಮೇಲೆ ಹೊಸ್ತಿಲಲ್ಲಿ. ಆಮೇಲೆ ಹೊಸ್ತಿಲಿನ ಒಂದು ಗೇಣು ಒಳಗೆ. ಮುಂಗಾಲು ಒಳಗೆ, ಹಿಂಗಾಲು ಹೊರಗೆ ಇಟ್ಟು ಕತ್ತು ಚಾಚಿ ತಿನ್ನುತ್ತಿದ್ದರೆ ಅದಕ್ಕಿನ್ನೂ ನಂಬಿಕೆ ಬಂದಿಲ್ಲ ಅಂತ ಅರ್ಥ. ಹಿಂದಿನಿಂದ ತಳ್ಳಬೇಡಿ. ನಾಲ್ಕು ಕಾಲೂ ಒಳಗಿಟ್ಟು ಆರಾಮಾಗಿ ತಿನ್ನುವ ತನಕ ಅಲ್ಲೇ ಇರಿ.

ಮುಂದಿನದು ಊಟ. ತಟ್ಟೆಯನ್ನು ಮೊದಲು ಬಾಗಿಲ ಹತ್ತಿರ, ದಿನ ಕಳೆದಂತೆ ಹಿಂದಿನ ಗೋಡೆಯ ಹತ್ತಿರ ಇಡಿ. ದಿನದ ಎರಡು ಊಟವೂ ಅಲ್ಲೇ ಆದರೆ ಕ್ರೇಟ್ ತಾನೇ ಹಿತವಾಗತೊಡಗುತ್ತದೆ. ಗಂಟೆಯ ಸದ್ದಿಗೆ ನಾಯಿ ಜೊಲ್ಲು ಸುರಿಸುವ ಪಾವ್ಲೋವ್ ಅವರ ಪ್ರಯೋಗದ ಬಗ್ಗೆ ಶಾಲೆಯಲ್ಲಿ ಓದಿದ್ದೀರಲ್ಲ, ಇಲ್ಲಿ ಗಂಟೆಯ ಜಾಗದಲ್ಲಿ ಕ್ರೇಟ್ ಇದೆ.

ಈ ಹಂತದಲ್ಲಿ ಒಂದು ಪದವನ್ನೂ ಸೇರಿಸಿ. "ಗೂಡಿಗೆ" ಅನ್ನಿ, ಏನಾದರೂ ಅನ್ನಿ. ನಾಯಿ ಒಳಗೆ ಕಾಲಿಡುವ ಕ್ಷಣಕ್ಕೆ ಸ್ವಲ್ಪ ಮೊದಲು ಹೇಳಿ. ಮನೆಯವರೆಲ್ಲ ಅದೇ ಪದ ಬಳಸಲಿ. ಸಿಟ್ಟಿನಲ್ಲಿ ಮಾತ್ರ ಯಾರೂ ಆ ಪದ ಹೇಳಕೂಡದು.

ಬಾಗಿಲು

ಬಹಳಷ್ಟು ಜನರ ಕೆಲಸ ಕೆಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಾಯಿಗೆ ಬಾಗಿಲು ಒಂದೇ ವಿಷಯವಲ್ಲ. ಬಾಗಿಲು ಅಲ್ಲಾಡುವುದು ಒಂದು, ಅದರ ಕಿರ್ರ್ ಸದ್ದು ಇನ್ನೊಂದು, ಚಿಲಕದ ಟಕ್ ಮತ್ತೊಂದು, ಮುಚ್ಚಿಕೊಂಡೇ ಇರುವುದು ಮಗದೊಂದು. ಒಂದೊಂದನ್ನೂ ಬೇರೆಯಾಗಿ ಕಲಿಸಿ. ನಾಯಿ ಒಳಗಿರುವಾಗ ಬಾಗಿಲನ್ನು ಸುಮ್ನೆ ಮುಟ್ಟಿ, ಟ್ರೀಟ್ ಹಾಕಿ. ಎರಡು ಬೆರಳಷ್ಟು ಸರಿಸಿ, ಟ್ರೀಟ್ ಹಾಕಿ. ಅರ್ಧ ಮುಚ್ಚಿ ತೆರೆಯಿರಿ, ಟ್ರೀಟ್. ಪೂರ್ತಿ ಮುಚ್ಚಿ ತಕ್ಷಣ ತೆರೆಯಿರಿ, ಟ್ರೀಟ್. ಚಿಲಕದ ಸದ್ದನ್ನು ನಾಯಿ ಹೊರಗಿರುವಾಗಲೂ ಮಾಡಿ, ಟ್ರೀಟ್ ಕೊಡಿ. ಆ ಟಕ್ ಸದ್ದಿಗೆ ಬಾಲ ಆಡಿಸುತ್ತಾ ನಿಮ್ಮ ಮುಖ ನೋಡಿದರೆ ಪಾಠ ಹತ್ತಿದೆ ಅಂತ ತಿಳಿಯಿರಿ.

ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತುಂಬಾ ಮುಖ್ಯ. ಬಾಗಿಲು ಅಲ್ಲಾಡುವುದು ಮೊದಲು, ಟ್ರೀಟ್ ಆಮೇಲೆ. ಟ್ರೀಟ್ ತೋರಿಸಿ ಒಳಗೆ ಸೆಳೆದು ಟಪ್ಪನೆ ಬಾಗಿಲು ಹಾಕಿದರೆ ನಾಯಿ ಕಲಿಯುವುದೇ ಬೇರೆ: ತಿಂಡಿ ಬಂತು ಅಂದರೆ ಸಿಕ್ಕಿಬೀಳುತ್ತೇನೆ ಅಂತ. ಎರಡು ಸಲ ಹೀಗಾದರೆ ಸಾಕು, ಆಮೇಲೆ ಎಷ್ಟು ರುಚಿಯ ತಿಂಡಿ ತೋರಿಸಿದರೂ ಅದು ಹೊಸ್ತಿಲಲ್ಲೇ ನಿಲ್ಲುತ್ತದೆ.

ಇನ್ನೊಂದು ಗುಟ್ಟು: ಒಳ್ಳೆಯದೆಲ್ಲ ಒಳಗೇ ಆಗಲಿ. ನಾವು ಏನು ಮಾಡುತ್ತೇವೆ? ಬಾಗಿಲು ತೆರೆದು, ನಾಯಿ ಹೊರಗೆ ಬಂದ ಕೂಡಲೇ "ನನ್ನ ಬಂಗಾರ" ಅಂತ ಮುದ್ದಾಡಿ, ತಿಂಡಿ ಕೊಡುತ್ತೇವೆ. ಆಗ ಹೊರಗೆ ಬರುವುದೇ ಬಹುಮಾನವಾಯಿತು, ಅಲ್ವಾ? ಅದರ ಬದಲು ಒಳಗಿರುವಾಗ ಮಾತಾಡಿಸಿ, ಹೊಗಳಿ, ಹಿಂಬದಿಯ ಸಂದಿಯಿಂದ ಟ್ರೀಟ್ ಹಾಕಿ. ಹೊರಗೆ ಬಂದಾಗ ಸುಮ್ಮನಿರಿ. ಕೆಲವು ದಿನದಲ್ಲಿ ಬಾಗಿಲು ತೆರೆದರೂ "ಇನ್ನೇನಾದರೂ ಇದೆಯಾ" ಅಂತ ಒಳಗೇ ಕೂತು ನೋಡುತ್ತದೆ.

ಬಾಗಿಲು ಮುಚ್ಚಿಡುವ ಹೊತ್ತನ್ನು ಊಟದ ಜೊತೆ ಶುರುಮಾಡಿ. ತಿನ್ನುತ್ತಿರುವಾಗ ಮುಚ್ಚಿ, ಕೊನೆಯ ತುತ್ತು ಮುಗಿಯುವ ಮುನ್ನ ತೆರೆಯಿರಿ. ತಾನು ಒಳಗೆ ಸಿಕ್ಕಿಕೊಂಡಿದ್ದೆ ಅನ್ನುವುದೇ ಅದಕ್ಕೆ ಗೊತ್ತಾಗಬಾರದು. ಆಮೇಲೆ ಊಟ ಮುಗಿದ ಮೇಲೆ 2 ಸೆಕೆಂಡ್. ಆಮೇಲೆ 5, 3, 8, 4, 12. ಯಾವಾಗಲೂ ಏರುತ್ತಲೇ ಹೋಗಬೇಡಿ. ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವಾಗುತ್ತಾ ಹೋದರೆ ನಾಯಿ ಅದನ್ನು ಗುರುತಿಸುತ್ತದೆ. ನಡುನಡುವೆ ಸುಲಭದ್ದು ಬಂದರೆ ನೆಮ್ಮದಿಯಾಗಿರುತ್ತದೆ. ಒಂದು ಸಲದ ಅಭ್ಯಾಸ ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ದಿನಕ್ಕೆ ಎರಡು ಮೂರು ಸಲ ಮಾಡಿದರೆ ಧಾರಾಳ ಸಾಕು.

ಅದರ ಮೈ ಓದಲು ಕಲಿಯಿರಿ. ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ಸೆಕೆ ಇಲ್ಲದೆಯೂ ಏದುಸಿರು. ಇವು ಅಳುವಿನ ಮುಂಚೆ ಬರುವ ಮಾತು. ಇಷ್ಟು ಕಂಡರೆ ಒಂದು ಹೆಜ್ಜೆ ಹಿಂದೆ ಹೋಗಿ. ಹಿಂದೆ ಹೋಗುವುದು ಸೋಲಲ್ಲ, ನನ್ನ ಅನುಭವದಲ್ಲಿ ಅದೇ ಬೇಗ ಮುಟ್ಟುವ ದಾರಿ.

ನೀವು ಕಣ್ಮರೆಯಾದಾಗ

ಒಂದೆರಡು ನಿಮಿಷ ಮುಚ್ಚಿದ ಬಾಗಿಲಿನ ಹಿಂದೆ ಆರಾಮಾಗಿ ಕೂರಲು ಕಲಿತ ಮೇಲೆ, ನೀವು ದೂರ ಹೋಗುವ ಪಾಠ. ಮೊದಲು ಪಕ್ಕದಲ್ಲಿ ಕೂತು ಏನಾದರೂ ಓದಿ. ಎದ್ದು ಕೋಣೆಯ ಆ ತುದಿಗೆ ಹೋಗಿ ಬನ್ನಿ. ಬಾಗಿಲಾಚೆ ಹೋಗಿ ಒಂದು ಉಸಿರು ಎಳೆದು ಬನ್ನಿ. ನೀವು ದೂರ ಹೋಗುವುದೂ ಹೊತ್ತು ಹೆಚ್ಚುವುದೂ ಎರಡು ಬೇರೆ ಕಷ್ಟಗಳು. ಒಂದನ್ನು ಹೆಚ್ಚಿಸುವಾಗ ಇನ್ನೊಂದನ್ನು ಕಡಿಮೆ ಮಾಡಿ.

ಒಳಗೊಂದು ಟೊಳ್ಳು ರಬ್ಬರ್ ಆಟಿಕೆಯಲ್ಲಿ ನೆನೆಸಿದ ಊಟ ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಟ್ಟರೆ ನೆಕ್ಕಲು ಬಹಳ ಹೊತ್ತು ಹಿಡಿಯುತ್ತದೆ. ನೆಕ್ಕುತ್ತಾ, ಜಗಿಯುತ್ತಾ ಹೋದಂತೆ ನಾಯಿ ಶಾಂತವಾಗುತ್ತದೆ. ಕಡಲೆಕಾಯಿ ಬೆಣ್ಣೆ ಹಾಕುವವರು ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ಅದು ನಾಯಿಗೆ ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇವೂ ಬೇಡ.

ಅರ್ಧ ಗಂಟೆ ನೀವು ಮನೆಯಲ್ಲೇ ಕಣ್ಮರೆಯಾಗಿದ್ದರೂ ಮಲಗಿರುತ್ತದೆ ಅಂದರೆ ಹೊರಗೆ ಹೋಗುವುದನ್ನು ಅಭ್ಯಾಸ ಮಾಡಿಸಬಹುದು. ಮೊದಲ ಸಲ ಫೋನಿನಲ್ಲಿ ವಿಡಿಯೋ ಹಚ್ಚಿಟ್ಟು ಹೋಗಿ. ತಳಮಳ ಇದ್ದರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ಕಾಣಿಸುತ್ತದೆ. ಹೊರಡುವಾಗ ದೊಡ್ಡ ಬೀಳ್ಕೊಡುಗೆ ಬೇಡ. ಮತ್ತೆ, ನೀವು ಮನೆಯಲ್ಲಿರುವಾಗಲೂ ದಿನಕ್ಕೊಂದು ಸಲ ಕ್ರೇಟ್ ಬಳಸಿ. ಹೊರಗೆ ಹೋಗುವಾಗ ಮಾತ್ರ ಬಳಸಿದರೆ ಕ್ರೇಟ್ ಕಂಡ ಕೂಡಲೇ ನೀವು ಹೊರಟಿದ್ದೀರಿ ಅಂತ ಅದು ಲೆಕ್ಕ ಹಾಕುತ್ತದೆ.

ರಾತ್ರಿ

ಎಂಟು ವಾರದ ಮರಿ ಅಂದರೆ ನಿನ್ನೆಯವರೆಗೆ ಅಮ್ಮನ, ಒಡಹುಟ್ಟಿದವರ ಮೈಗೆ ಒತ್ತಿಕೊಂಡು ಮಲಗಿದ್ದ ಜೀವ. ಅದನ್ನು ಮೊದಲ ರಾತ್ರಿಯೇ ಬೇರೆ ಕೋಣೆಯಲ್ಲಿ ಒಂಟಿಯಾಗಿ ಬಿಡಬೇಡಿ. ಕ್ರೇಟನ್ನು ನಿಮ್ಮ ಹಾಸಿಗೆ ಪಕ್ಕಕ್ಕೆ ತನ್ನಿ. ಕೈ ಚಾಚಿದರೆ ನಿಮ್ಮ ಬೆರಳು ಅದರ ಮೂಗಿಗೆ ಸಿಗುವಷ್ಟು ಹತ್ತಿರ. ಇದರಿಂದ ಮರಿ ಹಾಳಾಗುವುದಿಲ್ಲ. ವಾರಗಳು ಕಳೆದಂತೆ ಕ್ರೇಟನ್ನು ಸ್ವಲ್ಪ ಸ್ವಲ್ಪ ದೂರ ಸರಿಸಬಹುದು.

ಇಷ್ಟರಲ್ಲಿ ಮುಚ್ಚಿದ ಬಾಗಿಲಿನ ಪಾಠ ಆಗಿರುವುದಿಲ್ಲ, ಹಾಗಾದರೆ ಮೊದಲ ರಾತ್ರಿಗಳಲ್ಲಿ ಏನು ಮಾಡುವುದು? ಕ್ರೇಟಿನ ಬಾಗಿಲು ತೆರೆದಿಟ್ಟು ಸುತ್ತ ಸಣ್ಣ ಬೇಲಿ ನಿಲ್ಲಿಸಿ. ಮರಿ ಒಳಗೂ ಮಲಗಬಹುದು, ಹೊರಗೂ ಮಲಗಬಹುದು, ಮನೆ ತುಂಬಾ ಅಲೆಯಲಾಗದು. ಹಗಲಿನ ಪಾಠ ಮುಂದೆ ಹೋದಾಗ ಬೇಲಿ ತೆಗೆಯಿರಿ.

ಮಲಗುವ ಮುನ್ನ ಉಚ್ಚೆಗೆ ಕರೆದುಕೊಂಡು ಹೋಗಿ. ನಡುರಾತ್ರಿ ಎದ್ದು ಕುಂಯ್‌ಗುಟ್ಟಿದರೆ ಬೆಲ್ಟ್ ಹಾಕಿ ಹೊರಗೆ ಕರೆದೊಯ್ಯಿರಿ. ದೀಪ ಜಾಸ್ತಿ ಬೇಡ, ಮಾತು ಬೇಡ, ಆಟವಂತೂ ಬೇಡ. ಕೆಲಸ ಮುಗಿದ ಕೂಡಲೇ ವಾಪಸ್. ಒಳಗೆ ಹೊಲಸಾಗಿದ್ದರೆ ಬೈಯಬೇಡಿ. ತಪ್ಪು ಮರಿಯದ್ದಲ್ಲ, ನಾವು ತಡಮಾಡಿದ್ದು. ಎನ್‌ಜೈಮ್ ಇರುವ ಕ್ಲೀನರಿನಿಂದ ಒರೆಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಉಚ್ಚೆಯನ್ನೇ ಹೋಲುತ್ತದೆ.

ಅಳು ಅಂದರೆ ಒಂದೇ ಅಲ್ಲ

"ಅಳುವಾಗ ಬಾಗಿಲು ತೆರೆದರೆ ಅಳುವುದನ್ನೇ ಕಲಿಯುತ್ತದೆ" ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಮಲಗಿದಲ್ಲೇ ಎರಡು ಸಲ ಕುಂಯ್ ಅಂದು, ಸುಮ್ಮನಾಗಿ, ಮತ್ತೆ ಕುಂಯ್ ಅಂದರೆ ಬೇಜಾರು. ಐದು ಸೆಕೆಂಡ್ ಸುಮ್ಮನಿದ್ದಾಗ ತೆರೆಯಿರಿ. ಮುಂದಿನ ಸಲ ಅಷ್ಟು ಹೊತ್ತು ಬಿಡಬೇಡಿ. ನಿದ್ದೆಯಿಂದ ಎದ್ದು ಅಥವಾ ಊಟವಾದ ಸ್ವಲ್ಪ ಹೊತ್ತಿಗೆ ಸುತ್ತು ಹಾಕುತ್ತಾ, ನೆಲ ಮೂಸುತ್ತಾ ಅತ್ತರೆ ಉಚ್ಚೆ. ತಕ್ಷಣ ಎದ್ದೇಳಿ.

ಮೂರನೆಯದು ಗಾಬರಿ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ತಂತಿ ಕಚ್ಚುತ್ತದೆ, ಬಾಗಿಲು ಕೆರೆಯುತ್ತದೆ, ಬೊಗಳು ಏರುತ್ತಲೇ ಹೋಗುತ್ತದೆ. ಆಗ ಕಾಯಬೇಡಿ, ತೆರೆದುಬಿಡಿ. ಹೆದರಿಕೆ ಹಟವಲ್ಲ. ಬಾಗಿಲು ತೆರೆದು ಸಮಾಧಾನ ಮಾಡಿದ ಮಾತ್ರಕ್ಕೆ ಅದು ಕೆಟ್ಟ ಅಭ್ಯಾಸವಾಗಿ ಬೆಳೆಯುವುದಿಲ್ಲ. ಬಿಟ್ಟರೆ ಮಾತ್ರ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ. ಕ್ರೇಟ್ ಇಲ್ಲದಿದ್ದರೂ ನೀವು ಹೋದ ಕೂಡಲೇ ಹೀಗೆ ಆಗುತ್ತಿದ್ದರೆ ಅದು ಒಂಟಿಯಾಗಿರುವ ಭಯ. ಅದಕ್ಕೆ ಕ್ರೇಟ್ ಔಷಧವಲ್ಲ, ಬಹಳ ಸಲ ಅದನ್ನು ಹೆಚ್ಚಿಸುತ್ತದೆ. ಪಶುವೈದ್ಯರನ್ನು ಮತ್ತು ಹೊಡೆಯದೆ, ಬೆದರಿಸದೆ ಕಲಿಸುವ ಟ್ರೈನರನ್ನು ಕಾಣಿ.

ಎಷ್ಟು ಹೊತ್ತು

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ಉಚ್ಚೆ ತಡೆಯಬಲ್ಲದು ಅಂತ ಒಂದು ಅಂದಾಜು ಲೆಕ್ಕ ಇದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಇದು ಗಡಿ, ಗುರಿಯಲ್ಲ. ಹಗಲಿನಲ್ಲಿ ಎಚ್ಚರವಿರುವ ಪುಟ್ಟ ಮರಿಗೆ ಒಂದು ಗಂಟೆಯೇ ಜಾಸ್ತಿ. ಚಿಕ್ಕ ತಳಿಗಳಿಗೆ ಇನ್ನೂ ಕಡಿಮೆ. ಬೆಳೆದ ನಾಯಿಯನ್ನೂ ಹಗಲಿನಲ್ಲಿ ಒಂದೇ ಸಮ ನಾಲ್ಕು ಗಂಟೆಗಿಂತ ಹೆಚ್ಚು ಇಡಬೇಡಿ. ಇಡೀ ದಿನ ಕೆಲಸಕ್ಕೆ ಹೋಗುವವರಿಗೆ ಕ್ರೇಟ್ ಪರಿಹಾರವಲ್ಲ, ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಬೇಲಿ ಹಾಕಿದ ಕೋಣೆ ಕೊಡಿ, ಅಥವಾ ನಡುವೆ ಬಂದು ನೋಡುವವರನ್ನು ಹುಡುಕಿ. ಸ್ವೀಡನ್, ಫಿನ್‌ಲ್ಯಾಂಡ್ ದೇಶಗಳಲ್ಲಿ ಪ್ರಯಾಣದಂತಹ ಕೆಲವು ಕಾರಣ ಬಿಟ್ಟರೆ ನಾಯಿಯನ್ನು ಮನೆಯಲ್ಲಿ ಪಂಜರದಲ್ಲಿ ಮುಚ್ಚಿಡುವುದಕ್ಕೆ ಕಾನೂನೇ ಅಡ್ಡ ಬರುತ್ತದೆ.

ಒಳಗೆ ಬಿಡುವ ಮೊದಲು ನಡಿಗೆ, ಆಟ, ಉಚ್ಚೆ ಆಗಿರಲಿ. ಸೆಕೆಯ ದಿನಗಳಲ್ಲಿ ಮೂಗು ಚಪ್ಪಟೆಯಾದ ತಳಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು, ಅವಕ್ಕೆ ಮೈ ಬಿಸಿ ಬೇಗ ಏರುತ್ತದೆ.

ಹಿಂದೆ ಪೆಟ್ಟು ತಿಂದ ನಾಯಿ

ದೊಡ್ಡದಾದ ಮೇಲೆ ಮನೆಗೆ ಬಂದ ನಾಯಿಗಳಲ್ಲಿ ಕೆಲವು ಪಂಜರ ಕಂಡರೆ ಹೆದರುತ್ತವೆ. ಹಿಂದೆ ಏನಾಗಿತ್ತೋ ಹೇಳಲು ಅವಕ್ಕೆ ಬಾಯಿಲ್ಲ. ತಂತಿಯದನ್ನು ನೋಡಿ ನಡುಗಿದರೆ ಪ್ಲಾಸ್ಟಿಕ್‌ನದು ತನ್ನಿ. ಅದರ ಮೇಲಿನ ಅರ್ಧ ಕಳಚಿ, ಕೆಳಗಿನ ತೊಟ್ಟಿಯನ್ನಷ್ಟೇ ಹಾಸಿಗೆಯಂತೆ ಇಡಿ. ವಾರಗಟ್ಟಲೆ ಅದರಲ್ಲಿ ಮಲಗಲಿ. ಆಮೇಲೆ ಮೇಲ್ಭಾಗ ಸೇರಿಸಿ. ಬಾಗಿಲು ಎಲ್ಲಕ್ಕಿಂತ ಕೊನೆಗೆ. ಇಷ್ಟಾದರೂ ಒಪ್ಪದ ನಾಯಿಗಳಿವೆ. ಅವನ್ನು ಒಪ್ಪಿಸಲೇಬೇಕು ಅಂತಿಲ್ಲ. ಬಾಗಿಲಿಗೆ ಅಡ್ಡ ಗೇಟ್ ಹಾಕಿದ ಒಂದು ಕೋಣೆ ಸಾಕು.

ಮನೆಯಲ್ಲಿ ಮಕ್ಕಳಿದ್ದರೆ ಒಂದು ನಿಯಮ ಗಟ್ಟಿಯಾಗಿರಲಿ. ನಾಯಿ ಕ್ರೇಟಿನಲ್ಲಿದ್ದಾಗ ಯಾರೂ ಕೈ ಹಾಕಬಾರದು, ಒಳಗೆ ತೂರಬಾರದು, ತಂತಿ ಬಡಿಯಬಾರದು. ದೊಡ್ಡವರಿಗೂ ಇದೇ ನಿಯಮ. ಮೇಜು ಕಚ್ಚಿತು, ಚಪ್ಪಲಿ ಹರಿಯಿತು ಅಂತ ಬೈದು ಒಳಗೆ ತಳ್ಳುವುದು ಒಂದೇ ಒಂದು ಸಲವೂ ಬೇಡ.

ಕೆಲವು ಮರಿಗಳು ಒಂದೆರಡು ವಾರದಲ್ಲಿ ಕಲಿಯುತ್ತವೆ, ಕೆಲವು ನಾಯಿಗಳಿಗೆ ತಿಂಗಳುಗಳು ಬೇಕು. ಕಲಿತ ಮೇಲೆ ಕ್ರೇಟನ್ನು ಮಡಚಿ ಅಟ್ಟಕ್ಕೆ ಹಾಕಬೇಡಿ. ಬಾಗಿಲು ತೆರೆದು ಅಲ್ಲೇ ಇಟ್ಟಿರಿ. ಆಗೊಮ್ಮೆ ಈಗೊಮ್ಮೆ ಅದಕ್ಕೆ ಕಾಣದಂತೆ ಒಳಗೊಂದು ಟ್ರೀಟ್ ಇಡಿ. ಯಾವುದೋ ಮಧ್ಯಾಹ್ನ ಹುಡುಕುತ್ತಾ ಬಂದರೆ, ಯಾರೂ ಕರೆಯದೆ, ಯಾರೂ ಹೇಳದೆ, ಬೆನ್ನು ಗೋಡೆಗೆ ಆನಿಸಿ, ನಾಲ್ಕು ಕಾಲು ಚಾಚಿ ಅಲ್ಲೇ ಮಲಗಿರುತ್ತದೆ. ಎಬ್ಬಿಸಬೇಡಿ.